ಸಣ್ಣ ಉದ್ಯಮ ಆರಂಭಿಸಲು ನಿಜಕ್ಕೂ ಎಷ್ಟು ಹಣ ಬೇಕು, ಯಾವ ಕೆಲಸ ಮೊದಲು?

ಪ್ರಶ್ನೆ: ನಾನು ಹೊಲಿಗೆ ಘಟಕವೊಂದರಲ್ಲಿ ಮೇಲ್ವಿಚಾರಕನಾಗಿದ್ದೇನೆ. ಕ್ಯಾನ್ವಾಸ್ ಬ್ಯಾಗ್‌ಗಳನ್ನು ತಯಾರಿಸಿ ಅಂಗಡಿಗಳಿಗೆ ಸರಬರಾಜು ಮಾಡುವ ಸಣ್ಣ ಘಟಕವನ್ನು ಸ್ವಂತವಾಗಿ ಆರಂಭಿಸಬೇಕೆಂದಿದ್ದೇನೆ. ಯಂತ್ರಗಳಿಗೆ 90,000, ಜಾಗದ ಮುಂಗಡಕ್ಕೆ 20,000, ವೈರಿಂಗ್ ಮತ್ತು ಮೇಜುಗಳಿಗೆ 15,000, ನೋಂದಣಿ ಮತ್ತು ಪರವಾನಗಿಗೆ 8,000, ಮಾದರಿಗಳಿಗೆ 7,000, ಹೀಗೆ ಒಟ್ಟು 1,40,000 ಆಗುತ್ತದೆ. ನನ್ನ ಉಳಿತಾಯ 2,00,000 ಇದೆ. ಇದು ಸಾಕಾಗುತ್ತದೆಯೇ? ಮೊದಲು ಕಂಪನಿ ನೋಂದಾಯಿಸಬೇಕೇ ಅಥವಾ ಯಂತ್ರ ಕೊಳ್ಳಬೇಕೇ? ಈಗಿರುವ ಕೆಲಸವನ್ನು ಯಾವಾಗ ಬಿಡಬಹುದು?

ಉತ್ತರ: ನಿಮ್ಮ ಪಟ್ಟಿಯಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಅರ್ಧಕ್ಕೇ ನಿಂತಿದೆ. 1,40,000 ಎಂಬುದು ಘಟಕದ ಬಾಗಿಲು ತೆರೆಯುವುದಕ್ಕೆ ತಗಲುವ ಹಣ. ಬಾಗಿಲು ತೆರೆದ ದಿನದಿಂದ ಹಿಡಿದು, ಗಿರಾಕಿಗಳಿಂದ ಬರುವ ಹಣವೇ ಘಟಕದ ಎಲ್ಲ ಖರ್ಚನ್ನೂ ತೂಗಿಸುವ ದಿನದವರೆಗೆ ನಿಮ್ಮ ಜೇಬಿನಿಂದ ಹೋಗುವ ಹಣ ಅದರಲ್ಲಿ ಸೇರಿಲ್ಲ. ಅದನ್ನೂ ಸೇರಿಸಿದರೆ ನೀವು ಯೋಜಿಸಿರುವ ಘಟಕಕ್ಕೆ ಸುಮಾರು 3,50,000 ಬೇಕಾಗುತ್ತದೆ ಎಂಬುದು ನನ್ನ ಲೆಕ್ಕ. ಇದನ್ನು ಓದಿ ನೀವು ಹಿಂಜರಿಯಬಾರದು, ಏಕೆಂದರೆ ಅದೇ ಬ್ಯಾಗ್ ವ್ಯಾಪಾರವನ್ನು ಬೇರೆ ರೀತಿಯಲ್ಲಿ ಹೊಂದಿಸಿಕೊಂಡರೆ ನಿಮ್ಮ ಉಳಿತಾಯದೊಳಗೇ ಆರಂಭಿಸಲು ಸಾಧ್ಯವಿದೆ. ಎರಡೂ ಲೆಕ್ಕಗಳನ್ನು ಕೆಳಗೆ ಬಿಡಿಸಿ ಬರೆದಿದ್ದೇನೆ. ನೀವು ಕೊಟ್ಟಿರುವ ಅಂಕಿಗಳ ಜೊತೆಗೆ ನಾನು ಸೇರಿಸಿರುವ ಅಂಕಿಗಳೆಲ್ಲ ವಿಧಾನವನ್ನು ತೋರಿಸಲು ಊಹಿಸಿಕೊಂಡವು. ಅವು ಯಾವ ಮಾರುಕಟ್ಟೆಯ ದರಗಳೂ ಅಲ್ಲವಾದ್ದರಿಂದ, ಆ ಜಾಗಗಳಲ್ಲಿ ನೀವು ವಿಚಾರಿಸಿ ತಿಳಿದ ದರಗಳನ್ನು ಹಾಕಿಕೊಳ್ಳಬೇಕು.

ಯಾವುದೇ ಸಣ್ಣ ಉದ್ಯಮಕ್ಕೆ ಬೇಕಾಗುವ ಹಣದಲ್ಲಿ ಮೂರು ಬಗೆಗಳಿರುತ್ತವೆ. ಮೊದಲನೆಯದು ಒಮ್ಮೆ ಮಾತ್ರ ಮಾಡುವ ಖರ್ಚು. ನಿಮ್ಮ ಪಟ್ಟಿಯಲ್ಲಿರುವುದು ಇದೊಂದೇ. ಎರಡನೆಯದು, ಮಾರಾಟ ಸಾಕಷ್ಟು ಬೆಳೆಯುವವರೆಗೆ ಪ್ರತಿ ತಿಂಗಳೂ ಆಗುವ ನಷ್ಟ. ಮೂರನೆಯದು ದುಡಿಯುವ ಬಂಡವಾಳ, ಅಂದರೆ ಬಟ್ಟೆಯ ರೂಪದಲ್ಲಿ, ಅರ್ಧ ಹೊಲಿದ ಬ್ಯಾಗ್‌ಗಳ ರೂಪದಲ್ಲಿ, ಗಿರಾಕಿಯಿಂದ ಬರಬೇಕಾದ ಬಾಕಿಯ ರೂಪದಲ್ಲಿ ಸದಾ ಸಿಕ್ಕಿಕೊಂಡಿರುವ ಹಣ. ಈ ಹಣ ನಷ್ಟವಾಗಿರುವುದಿಲ್ಲ, ನಿಮ್ಮದೇ ಆಗಿರುತ್ತದೆ. ಆದರೆ ಬೇಕೆಂದಾಗ ಕೈಗೆ ಸಿಗುವುದಿಲ್ಲ. ಸಾಲದ ಅರ್ಜಿಗಳ ಜೊತೆ ಬರುವ ಯೋಜನಾ ವರದಿಗಳನ್ನು ಓದುವುದು ನನ್ನ ನಿತ್ಯದ ಕೆಲಸ. ಅವುಗಳಲ್ಲಿ ಯಂತ್ರದ ಪಟ್ಟಿ ಕೊಟೇಶನ್ ಸಮೇತ ಅಚ್ಚುಕಟ್ಟಾಗಿರುತ್ತದೆ. ಎರಡನೆಯ ಮತ್ತು ಮೂರನೆಯ ಬಗೆಯ ಹಣಕ್ಕೆ ಮಾತ್ರ ಒಂದೇ ಸಾಲು, ಅದೂ ಅಂದಾಜಿನದು, ಇರುತ್ತದೆ.

ಒಂದು ಬ್ಯಾಗಿನಿಂದ ಲೆಕ್ಕ ಆರಂಭಿಸೋಣ. ಅಂಗಡಿಯವರಿಗೆ ನೀವು ಅದನ್ನು 100ಕ್ಕೆ ಕೊಡುತ್ತೀರಿ ಎಂದುಕೊಳ್ಳಿ. ಕ್ಯಾನ್ವಾಸ್ ಮತ್ತು ಒಳಪದರಕ್ಕೆ 36, ಜಿಪ್, ಬಕಲ್, ದಾರ ಮತ್ತು ಲೇಬಲ್‌ಗೆ 9, ಹೊಲಿಗೆಯವರಿಗೆ ಬ್ಯಾಗಿನ ಲೆಕ್ಕದ ಕೂಲಿ 15, ಪ್ಯಾಕಿಂಗ್ ಮತ್ತು ಸಾಗಣೆಗೆ 5. ಒಟ್ಟು 65. ಇದು ಬ್ಯಾಗ್‌ಗಳ ಸಂಖ್ಯೆಯೊಂದಿಗೆ ಏರಿಳಿಯುವ ಖರ್ಚು. ಉಳಿಯುವ 35 ನಿಮ್ಮ ಲಾಭವೆಂದು ಎಣಿಸಬೇಡಿ. ಬ್ಯಾಗ್ ಹೊಲಿದರೂ ಹೊಲಿಯದಿದ್ದರೂ ತಿಂಗಳ ಕೊನೆಗೆ ಕೊಡಲೇಬೇಕಾದ ಖರ್ಚನ್ನು ತುಂಬಲು ಒಂದು ಬ್ಯಾಗ್ ಕೊಡುವ ಪಾಲು ಅದು. ಆ ಸ್ಥಿರ ಖರ್ಚು ಹೀಗಿರಬಹುದು: ಬಾಡಿಗೆ 5,000, ವಿದ್ಯುತ್ ಮತ್ತು ಫೋನ್ 1,500, ಬಟ್ಟೆ ಕತ್ತರಿಸುವವರ ಸಂಬಳ 6,000, ನಿಮ್ಮ ಸಂಬಳ 6,500, ಲೆಕ್ಕಪತ್ರ, ವಿಮೆ ಮತ್ತು ರಿಪೇರಿಗೆ 750, ಯಂತ್ರಗಳ ಸವಕಳಿ 1,250. ಒಟ್ಟು 21,000. ಇದನ್ನು 35ರಿಂದ ಭಾಗಿಸಿದರೆ 600 ಬರುತ್ತದೆ. ತಿಂಗಳಿಗೆ 600 ಬ್ಯಾಗ್ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 601ನೆಯ ಬ್ಯಾಗಿನಿಂದ ಲಾಭ ಶುರುವಾಗುತ್ತದೆ.

ಈ ಪಟ್ಟಿಯಲ್ಲಿ ಎರಡು ಅಂಶಗಳನ್ನು ಜನ ಸಾಮಾನ್ಯವಾಗಿ ಕೈಬಿಡುತ್ತಾರೆ. ಒಂದು, ಮಾಲೀಕರ ಸಂಬಳ. ನೀವು ದಿನವಿಡೀ ಅಲ್ಲಿ ದುಡಿಯುತ್ತೀರಿ. ಆ ದುಡಿಮೆಗೆ ಬೆಲೆ ಕಟ್ಟದೆ ಲೆಕ್ಕ ಹಾಕಿದರೆ ಘಟಕ ಲಾಭದಲ್ಲಿರುವಂತೆ ಕಾಣುತ್ತದೆ, ಮನೆಯಲ್ಲಿ ಮಾತ್ರ ದುಡ್ಡಿಗೆ ಪರದಾಟ ತಪ್ಪುವುದಿಲ್ಲ. ಇನ್ನೊಂದು ಸವಕಳಿ. 90,000ದ ಯಂತ್ರಗಳು ಆರು ವರ್ಷ ಬಾಳುತ್ತವೆ ಎಂದಿಟ್ಟುಕೊಂಡರೆ ತಿಂಗಳಿಗೆ 1,250ರಷ್ಟು ಸವೆಯುತ್ತವೆ. ಈ ಹಣ ಆಯಾ ತಿಂಗಳು ಯಾರ ಕೈಗೂ ಹೋಗುವುದಿಲ್ಲವಾದರೂ ಅದನ್ನು ಎತ್ತಿಡದಿದ್ದರೆ ಆರನೆಯ ವರ್ಷ ಹೊಸ ಯಂತ್ರಕ್ಕಾಗಿ ಮತ್ತೆ ಸಾಲಕ್ಕೆ ಕೈಚಾಚಬೇಕಾಗುತ್ತದೆ.

ನೀವು ಹೊಲಿಗೆ ಘಟಕದಲ್ಲೇ ಇರುವುದರಿಂದ ಬಟ್ಟೆ ಪೋಲಾಗುವುದನ್ನು ಕಣ್ಣಾರೆ ನೋಡಿರುತ್ತೀರಿ. ಬಟ್ಟೆಯ ಅಗಲಕ್ಕೂ ಬ್ಯಾಗಿನ ಭಾಗಗಳ ಅಳತೆಗೂ ಹೊಂದಿಕೆಯಾಗದೆ ಅಂಚಿನಲ್ಲಿ ಉಳಿಯುವ ಪಟ್ಟಿ, ಥಾನಿನ ಕೊನೆಯ ತುಂಡು, ನೇಯ್ಗೆಯ ದೋಷವಿದ್ದು ಬಿಡಬೇಕಾದ ಭಾಗ, ಇವೆಲ್ಲ ಸೇರಿ 8 ಶೇಕಡಾ ಬಟ್ಟೆ ಹೋದರೆ ಒಂದು ಬ್ಯಾಗಿನ ಖರ್ಚು ಸುಮಾರು 3 ಹೆಚ್ಚುತ್ತದೆ. ಪಾಲು 35ರಿಂದ 32ಕ್ಕೆ ಇಳಿದು, ಖರ್ಚು ಸರಿದೂಗಿಸಲು ಮಾರಬೇಕಾದ ಬ್ಯಾಗ್‌ಗಳು 600ರಿಂದ 657ಕ್ಕೆ ಏರುತ್ತವೆ. ಮೊದಲ ಮಾದರಿಯನ್ನು ಕತ್ತರಿಸುವ ಮುನ್ನ ನಿಜವಾದ ಬಟ್ಟೆಯ ಅಗಲಕ್ಕೆ ಕಾಗದದ ನಮೂನೆಗಳನ್ನು ಹರಡಿ, ಬ್ಯಾಗಿನ ಅಳತೆಯನ್ನು ಒಂದೆರಡು ಬೆರಳು ಹೆಚ್ಚು ಕಡಿಮೆ ಮಾಡಿ ನೋಡುವುದು ಇದೇ ಕಾರಣಕ್ಕೆ. ಬೆಲೆ ಇಳಿಸುವುದರ ಪರಿಣಾಮ ಇದಕ್ಕಿಂತ ದೊಡ್ಡದು. ಅಂಗಡಿಯವರು ಚೌಕಾಸಿ ಮಾಡಿ 100ರ ಬ್ಯಾಗನ್ನು 90ಕ್ಕೆ ಕೇಳಿದಾಗ ಹತ್ತರಲ್ಲಿ ಒಂದು ಪಾಲು ತಾನೇ ಎನಿಸುತ್ತದೆ; ಆದರೆ ಖರ್ಚು 65ರಲ್ಲೇ ನಿಂತಿರುವುದರಿಂದ ಪಾಲು 35ರಿಂದ 25ಕ್ಕೆ ಕುಸಿಯುತ್ತದೆ, 600ರ ಜಾಗದಲ್ಲಿ 840 ಬ್ಯಾಗ್ ಮಾರಬೇಕಾಗುತ್ತದೆ. ಬೆಲೆ ಶೇಕಡಾ 10 ಇಳಿಸಿದ್ದಕ್ಕೆ ಮಾರಾಟ ಶೇಕಡಾ 40 ಹೆಚ್ಚಬೇಕು. ರಿಯಾಯಿತಿಗೆ ಒಪ್ಪುವ ಮೊದಲು ಈ ಭಾಗಾಕಾರವನ್ನು ಮಾಡಿಯೇ ಉತ್ತರ ಕೊಡಿ.

ಮೊದಲ ತಿಂಗಳಿನಿಂದಲೇ 600 ಬ್ಯಾಗ್ ಯಾರೂ ಮಾರುವುದಿಲ್ಲ. ಮೊದಲ ನಾಲ್ಕು ತಿಂಗಳು ಕ್ರಮವಾಗಿ 100, 200, 350, 450 ಮಾರಿ ಐದನೆಯ ತಿಂಗಳು 600 ತಲುಪುತ್ತೀರಿ ಎಂದುಕೊಂಡರೆ, ಆ ನಾಲ್ಕು ತಿಂಗಳ ನಷ್ಟ 17,500, 14,000, 8,750 ಮತ್ತು 5,250, ಒಟ್ಟು 45,500. ಇದು ಅಶಿಸ್ತಿನಿಂದಲೋ ಅನುಭವದ ಕೊರತೆಯಿಂದಲೋ ಆಗುವ ನಷ್ಟವಲ್ಲವಾದ್ದರಿಂದ ಇದನ್ನು ಯಂತ್ರದ ಬೆಲೆಯ ಹಾಗೆಯೇ ಆರಂಭದ ವೆಚ್ಚವೆಂದು ಪಟ್ಟಿಯಲ್ಲಿ ಬರೆದುಕೊಳ್ಳಬೇಕು.

ಇನ್ನು ದುಡಿಯುವ ಬಂಡವಾಳ. ಇದನ್ನು ದಿನಗಳಲ್ಲಿ ಅಳೆಯುವುದು ಉತ್ತಮ. ನೀವು ತಂದ ಬಟ್ಟೆ ಕತ್ತರಿಗೆ ಸಿಗುವವರೆಗೆ 10 ದಿನ, ಹೊಲಿಗೆಗೆ 10 ದಿನ, ಸಿದ್ಧ ಬ್ಯಾಗ್ ದಾಸ್ತಾನಿನಲ್ಲಿ 15 ದಿನ, ಮಾಲು ತಲುಪಿದ ಮೇಲೆ ಅಂಗಡಿಯವರು ಹಣ ಕೊಡಲು 45 ದಿನ. ಹೀಗೆ ಒಂದು ಸುತ್ತಿಗೆ 80 ದಿನ ಹಿಡಿಯುತ್ತದೆ. ಬಟ್ಟೆಯ ಸಗಟು ವ್ಯಾಪಾರಿ ನಿಮಗೆ 20 ದಿನಗಳ ಉದ್ದರಿ ಕೊಟ್ಟರೆ 60 ದಿನ ಉಳಿಯುತ್ತದೆ. ತಿಂಗಳಿಗೆ 600 ಬ್ಯಾಗ್‌ಗಳ ಖರ್ಚು 39,000 ಮತ್ತು ಸ್ಥಿರ ಖರ್ಚು 21,000 ಸೇರಿ 60,000. ಎರಡು ತಿಂಗಳಿಗೆ 1,20,000. ಸ್ಥೂಲವಾದ ಈ ಲೆಕ್ಕ ತುಸು ಹೆಚ್ಚಿನ ಕಡೆಗೇ ವಾಲುತ್ತದೆ, ಏಕೆಂದರೆ ಕೂಲಿ ಮತ್ತು ಸಂಬಳ ಸುತ್ತಿನ ಮೊದಲ ದಿನವೇ ಹೋಗುವುದಿಲ್ಲ. ಆದರೂ ಹೊಸಬರಿಗೆ ಹೆಚ್ಚಿನ ಅಂದಾಜೇ ಕ್ಷೇಮ. ಈ ಮೊತ್ತ ನಿಮ್ಮ ಯಂತ್ರಗಳ ಬೆಲೆಯನ್ನೂ ಮೀರಿದೆ ಎಂಬುದನ್ನು ಗಮನಿಸಿ. ವ್ಯಾಪಾರ ಬೆಳೆದಷ್ಟೂ ಇದೂ ಬೆಳೆಯುತ್ತದೆ: ಒಮ್ಮೆಗೇ ದೊಡ್ಡ ಆರ್ಡರ್ ಬಂದಾಗ ಬಟ್ಟೆಗೂ ಕೂಲಿಗೂ ಹಣ ಇವತ್ತೇ ಬೇಕು, ಬರುವ ಹಣ ಎರಡು ತಿಂಗಳ ಆಚೆ ಇರುತ್ತದೆ. ಪುಸ್ತಕದಲ್ಲಿ ಲಾಭ ತೋರಿಸುತ್ತಿರುವಾಗಲೇ ಘಟಕಗಳು ಕೂಲಿ ಕೊಡಲಾಗದೆ ನಿಲ್ಲುವುದು ಹೀಗೆ.

ಆದ್ದರಿಂದ ಹಣ ಬರುವ ದಿನವನ್ನು ಬೆಲೆಯಷ್ಟೇ ಗಟ್ಟಿಯಾಗಿ ಮಾತನಾಡಿ, ಆರ್ಡರ್ ಪತ್ರದಲ್ಲೂ ಬಿಲ್ಲಿನಲ್ಲೂ ಬರೆಸಬೇಕು. ತಡ ಪಾವತಿ ಎಲ್ಲ ಕಡೆ ಇರುವ ತೊಂದರೆ. ಐರೋಪ್ಯ ಒಕ್ಕೂಟವು 2011ರ ನಿರ್ದೇಶನದಲ್ಲಿ ಉದ್ಯಮಗಳ ನಡುವಿನ ಪಾವತಿಗೆ ಸಾಮಾನ್ಯವಾಗಿ 60 ದಿನಗಳ ಮಿತಿ ಹಾಕಿ, ತಡವಾದರೆ ಬಡ್ಡಿ ಕೇಳುವ ಹಕ್ಕನ್ನೂ ಕೊಟ್ಟಿದೆ. ನೀವಿರುವ ಕಡೆ ಇಂಥ ಕಾನೂನು ಇದ್ದರೆ ಅದರ ದಿನಗಳನ್ನು ತಿಳಿದುಕೊಳ್ಳಿ. ಆದರೆ ಸಣ್ಣ ಸರಬರಾಜುದಾರರು ತಮ್ಮ ದೊಡ್ಡ ಗಿರಾಕಿಯ ಮೇಲೆ ದೂರು ಕೊಡುವುದು ಕಷ್ಟವಾದ್ದರಿಂದ, ಕಾನೂನಿಗಿಂತ ಮುಂಗಡದ ಮಾತೇ ನಿಮಗೆ ಹೆಚ್ಚು ರಕ್ಷಣೆ.

ಈಗ ಕೂಡಿಸಿದರೆ, ಒಮ್ಮೆ ಮಾಡುವ ಖರ್ಚು 1,40,000, ಆರಂಭದ ನಷ್ಟ 45,500, ದುಡಿಯುವ ಬಂಡವಾಳ 1,20,000; ಒಟ್ಟು 3,05,500. ಇದರ ಮೇಲೆ ಶೇಕಡಾ 15ರಷ್ಟು ಅನಿರೀಕ್ಷಿತಕ್ಕೆ ಎಂದು ಇಟ್ಟರೆ 3,50,000ದ ಆಸುಪಾಸಿಗೆ ಬರುತ್ತದೆ. ನೀವು ಪಟ್ಟಿ ಮಾಡಿದ್ದು ಅದರಲ್ಲಿ ಶೇಕಡಾ 40 ಮಾತ್ರ.

ಯಾವ ಕೆಲಸ ಮೊದಲು ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನಾನು ಪಾಲಿಸುವ ನಿಯಮ ಇದು: ಹಿಂದೆಗೆಯಬಹುದಾದ, ಕಡಿಮೆ ಖರ್ಚಿನ ಕೆಲಸಗಳು ಮೊದಲು; ಹಿಂದೆಗೆಯಲಾಗದ, ಹಣ ಕಟ್ಟಿಹಾಕುವ ಕೆಲಸಗಳು ಕೊನೆಗೆ. ಹೊಸ ಯಂತ್ರವನ್ನು ಒಂದು ತಿಂಗಳ ನಂತರ ಮಾರಹೊರಟರೆ ಕೊಂಡ ಬೆಲೆ ಬರುವುದಿಲ್ಲ. ಬಾಡಿಗೆ ಕರಾರನ್ನು ನಡುವೆ ಮುರಿದರೆ ಮುಂಗಡದಲ್ಲಿ ಒಂದು ಪಾಲು ಹೋಗಬಹುದು. ಕಂಪನಿ ನೋಂದಾಯಿಸುವುದು ಸುಲಭವಾದ ಕಡೆಗಳಲ್ಲೂ ಅದನ್ನು ಮುಚ್ಚುವುದು ಸುಲಭವಲ್ಲ. ಒಂದೂ ವ್ಯವಹಾರ ನಡೆಯದಿದ್ದರೂ ವಾರ್ಷಿಕ ಲೆಕ್ಕಪತ್ರ ಸಲ್ಲಿಸಬೇಕು, ಸಲ್ಲಿಸದಿದ್ದರೆ ದಂಡ ಬೀಳುತ್ತದೆ. ಹೀಗಿರುವಾಗ ಯಂತ್ರ ಮತ್ತು ಕಂಪನಿ ಎರಡಕ್ಕೂ ಮೊದಲು ಬರಬೇಕಾದದ್ದು ಮಾರಾಟದ ಪರೀಕ್ಷೆ.

ಮಾದರಿಗಳಿಗೆಂದು ನೀವು ಇಟ್ಟಿರುವ 7,000 ನಿಮ್ಮ ಪಟ್ಟಿಯಲ್ಲೇ ಅತ್ಯಂತ ಸಾರ್ಥಕವಾದ ಖರ್ಚು. ಎರಡು ಅಥವಾ ಮೂರು ವಿನ್ಯಾಸಗಳನ್ನು ಮಾತ್ರ ಹೊಲಿಸಿ ಅಂಗಡಿಗಳಿಗೆ ಹೋಗಿ. ಬ್ಯಾಗ್ ಚೆನ್ನಾಗಿದೆಯೇ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ, ಆ ಮಾತಿನಿಂದ ನಿಮಗೆ ಏನೂ ತಿಳಿಯುವುದಿಲ್ಲ. ಈ ವಿನ್ಯಾಸದಲ್ಲಿ 20 ಬ್ಯಾಗ್ ಈಗ ಬರೆದುಕೊಳ್ಳುತ್ತೀರಾ, ಎಷ್ಟು ಮುಂಗಡ ಕೊಡುತ್ತೀರಿ, ಉಳಿದದ್ದು ಎಷ್ಟನೆಯ ದಿನ ಎಂದು ಕೇಳಿ. ಮಾರಾಟವಾದ ಮೇಲೆ ಹಣ ಕೊಡುತ್ತೇವೆ, ಇಟ್ಟು ಹೋಗಿ ಎಂದವರ ಮಾತನ್ನು ಆರ್ಡರ್ ಎಂದು ಎಣಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಕೊಂಡ ಅಂಗಡಿ ನೀವು ಕೇಳದೆಯೇ ಎರಡನೆಯ ಬಾರಿ ಆರ್ಡರ್ ಕೊಟ್ಟಿತೇ ಎಂಬುದನ್ನು ಕಾದು ನೋಡಬೇಕು. ಮೊದಲ ಆರ್ಡರ್ ದಾಕ್ಷಿಣ್ಯಕ್ಕೂ ಬರಬಹುದು. ಎರಡನೆಯದು ಗ್ರಾಹಕರು ಬ್ಯಾಗನ್ನು ಕೊಂಡಿದ್ದಾರೆ ಎಂಬುದರ ಪುರಾವೆ. ಈ ಹಂತದಲ್ಲಿ ನಿಮ್ಮ ಈಗಿನ ಉದ್ಯೋಗದ ಕರಾರುಪತ್ರವನ್ನೂ ಓದಿ ನೋಡಿ: ಕೆಲಸದಲ್ಲಿರುವಾಗ ಅದೇ ಬಗೆಯ ವ್ಯಾಪಾರ ಮಾಡಬಾರದೆಂಬ ಷರತ್ತು ಅದರಲ್ಲಿ ಇರಬಹುದು. ಇದ್ದರೆ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಉದ್ಯಮದ ಕಾನೂನು ರೂಪದ ವಿಷಯದಲ್ಲಿ ಹೆಸರುಗಳು ದೇಶದಿಂದ ದೇಶಕ್ಕೆ ಬದಲಾದರೂ ಆಯ್ಕೆಗಳು ಮುಖ್ಯವಾಗಿ ಮೂರು. ಏಕವ್ಯಕ್ತಿ ಮಾಲೀಕತ್ವದಲ್ಲಿ ಆರಂಭ ಅಗ್ಗ, ಲೆಕ್ಕಪತ್ರ ಸರಳ. ಆದರೆ ಉದ್ಯಮದ ಸಾಲ ನಿಮ್ಮ ಸ್ವಂತ ಸಾಲವೇ ಆಗಿರುತ್ತದೆ. ಪಾಲುದಾರಿಕೆಯಲ್ಲಿ ಸಾಮಾನ್ಯವಾಗಿ ಒಬ್ಬರು ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ. ಮೂರನೆಯದು ಸೀಮಿತ ಹೊಣೆಗಾರಿಕೆಯ ಕಂಪನಿ. ಹೂಡಿದ ಹಣ ಮುಳುಗಬಹುದೇ ಹೊರತು ಮನೆ ಮಠ ಹೋಗುವುದಿಲ್ಲ ಎಂಬುದು ಅದರ ತತ್ವ. ಲಂಡನ್ನಿನ ಬೂಟು ತಯಾರಕ ಆರನ್ ಸಾಲೊಮನ್ ಅವರ ಪ್ರಕರಣದಲ್ಲಿ 1897ರಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಈ ತತ್ವವನ್ನು ಖಚಿತಗೊಳಿಸಿತು. ಅವರು ತಮ್ಮ ಸ್ವಂತ ವ್ಯಾಪಾರವನ್ನು ಕುಟುಂಬದವರನ್ನು ಷೇರುದಾರರನ್ನಾಗಿಸಿ ಕಂಪನಿಯಾಗಿ ಬದಲಾಯಿಸಿದ್ದರು. ಅದು ಮುಳುಗಿದಾಗ, ಕಂಪನಿ ಬೇರೆ, ಸಾಲೊಮನ್ ಬೇರೆ, ಅದರ ಸಾಲಕ್ಕೆ ಅವರು ಹೊಣೆಯಲ್ಲ ಎಂದು ತೀರ್ಪು ಬಂತು.

ಆದರೆ ಸಣ್ಣ ಉದ್ಯಮಿಗೆ ಈ ರಕ್ಷಣೆ ಕಾಗದದ ಮೇಲೆ ಕಾಣುವಷ್ಟು ಗಟ್ಟಿಯಲ್ಲ. ಹೊಸ ಕಂಪನಿಗೆ ಸಾಲ ಕೊಡುವ ಬ್ಯಾಂಕು, ಜಾಗ ಕೊಡುವ ಮಾಲೀಕರು, ಕೆಲವೊಮ್ಮೆ ಉದ್ದರಿ ಕೊಡುವ ಸಗಟು ವ್ಯಾಪಾರಿ ಕೂಡ ನಿಮ್ಮ ವೈಯಕ್ತಿಕ ಖಾತರಿ ಕೇಳುತ್ತಾರೆ. ಆ ಪತ್ರಕ್ಕೆ ಸಹಿ ಹಾಕಿದ ಮೇಲೆ ಆ ಸಾಲದ ಮಟ್ಟಿಗೆ ಕಂಪನಿಯ ಗೋಡೆ ಇರುವುದಿಲ್ಲ. ಉಳಿಯುವ ಪ್ರಯೋಜನವೆಂದರೆ ಅಪಘಾತ, ದೋಷಪೂರಿತ ಮಾಲು ಇತ್ಯಾದಿಗಳಿಂದ ಬರಬಹುದಾದ ಪರಿಹಾರದ ದಾವೆಗಳಿಂದ, ಖಾತರಿ ಕೊಡದ ಸಾಲಗಳಿಂದ ರಕ್ಷಣೆ. ಬ್ಯಾಗ್ ಹೊಲಿಯುವ ಸಣ್ಣ ಘಟಕದಲ್ಲಿ ಈ ಅಪಾಯ ಕಡಿಮೆ. ನೀವು ಒಬ್ಬರೇ ಹಣ ಹೂಡುತ್ತಿರುವುದರಿಂದ, ಮೊದಲ ವರ್ಷ ಏಕವ್ಯಕ್ತಿ ಮಾಲೀಕತ್ವದಲ್ಲಿ ಆರಂಭಿಸಿ, ದೊಡ್ಡ ಗಿರಾಕಿಗಳು ಅಥವಾ ಹೊರಗಿನ ಹೂಡಿಕೆದಾರರು ಬಂದಾಗ ಕಂಪನಿಯಾಗಿ ಬದಲಾಯಿಸುವುದು ನನ್ನ ಸಲಹೆ. ಆಹಾರ, ಔಷಧ, ಮಕ್ಕಳ ಆಟಿಕೆ, ವಿದ್ಯುತ್ ಉಪಕರಣಗಳ ವ್ಯಾಪಾರವಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಯಾರಾದರೂ ಪಾಲುದಾರರಾಗಿ ಸೇರುವುದಾದರೆ, ಅವರು ಎಷ್ಟೇ ಆಪ್ತರಾಗಿರಲಿ, ಬಿಟ್ಟುಹೋಗುವಾಗ ಅವರ ಪಾಲಿನ ಬೆಲೆ ಕಟ್ಟುವ ವಿಧಾನವನ್ನು ಪಾಲುದಾರಿಕೆ ಪತ್ರದಲ್ಲಿ ಮೊದಲೇ ಬರೆಯಿರಿ.

ನೋಂದಣಿಯ ಹಂತಗಳ ಬಗ್ಗೆ ಆತಂಕ ಪಡುವ ಕಾಲ ಬಹುಪಾಲು ಕಳೆದಿದೆ. ಪೆರುವಿನ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ ಅವರ ತಂಡ 1980ರ ದಶಕದಲ್ಲಿ ಲಿಮಾ ನಗರದಲ್ಲಿ ಸಣ್ಣ ಉಡುಪು ಘಟಕವೊಂದನ್ನು ಕಾನೂನುಬದ್ಧವಾಗಿ ನೋಂದಾಯಿಸಲು ಯತ್ನಿಸಿದಾಗ 289 ದಿನಗಳು ಹಿಡಿದವು. ಈ ಬಗೆಯ ಅಳತೆಯನ್ನೇ ಮುಂದೆ ವಿಶ್ವಬ್ಯಾಂಕ್ ತನ್ನ ‘ಡೂಯಿಂಗ್ ಬಿಸಿನೆಸ್’ ವರದಿಗಳಲ್ಲಿ ದೇಶದೇಶಗಳಿಗೆ ಅನ್ವಯಿಸಿ, ಉದ್ಯಮ ಆರಂಭಿಸಲು ಎಷ್ಟು ಹಂತ, ಎಷ್ಟು ದಿನ, ಎಷ್ಟು ಶುಲ್ಕ, ಎಷ್ಟು ಕನಿಷ್ಠ ಬಂಡವಾಳ ಎಂದು ಲೆಕ್ಕ ಹಾಕುತ್ತಿತ್ತು. ನ್ಯೂಜಿಲೆಂಡಿನಲ್ಲಿ ಒಂದೇ ಹಂತ, ಅರ್ಧ ದಿನ ಎಂದು ಅವು ದಾಖಲಿಸಿದವು. ದತ್ತಾಂಶಗಳಲ್ಲಿ ಅಕ್ರಮ ಕಂಡುಬಂದ ಕಾರಣ 2021ರಲ್ಲಿ ಆ ವರದಿಗಳನ್ನೇ ನಿಲ್ಲಿಸಲಾಯಿತು. ಕನಿಷ್ಠ ಬಂಡವಾಳದ ನಿಯಮವೂ ಸಡಿಲಗೊಂಡಿದೆ: ಜರ್ಮನಿಯಲ್ಲಿ ಸಾಮಾನ್ಯ ಸೀಮಿತ ಹೊಣೆಗಾರಿಕೆ ಕಂಪನಿಗೆ 25,000 ಯೂರೊ ಬಂಡವಾಳ ಬೇಕು, ಆದರೆ 2008ರಿಂದ ಒಂದೇ ಯೂರೊ ಬಂಡವಾಳದಲ್ಲಿ ಆರಂಭಿಸಬಹುದಾದ ಇನ್ನೊಂದು ರೂಪವೂ ಅಲ್ಲಿದೆ. ಇಂಥ ಅಂಕಿಗಳು ಕಂಪನಿ ಎಂಬ ಹೆಸರು ಪಡೆಯುವ ಖರ್ಚನ್ನು ಹೇಳುತ್ತವೆ, ವ್ಯಾಪಾರ ನಡೆಸುವ ಖರ್ಚನ್ನು ಹೇಳುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಕಾಗದಪತ್ರಗಳಲ್ಲಿ ಕ್ರಮ ತಪ್ಪಿದರೆ ಹಣ ಪೋಲಾಗುವ ಜಾಗಗಳು ಎರಡು. ಮೊದಲನೆಯದು ಜಾಗ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಆ ಕಟ್ಟಡದಲ್ಲಿ ತಯಾರಿಕೆ ನಡೆಸಲು ಸ್ಥಳೀಯ ಆಡಳಿತದ ಅನುಮತಿ ಸಿಗುತ್ತದೆಯೇ, ಮಂಜೂರಾಗಿರುವ ವಿದ್ಯುತ್ ಸಾಮರ್ಥ್ಯ ನಿಮ್ಮ ಯಂತ್ರಗಳಿಗೆ ಸಾಲುತ್ತದೆಯೇ ಎಂದು ವಿಚಾರಿಸಿ. ವಾಸದ ಪ್ರದೇಶದಲ್ಲಿ ಮುಂಗಡ ಕೊಟ್ಟು ಆಮೇಲೆ ಪರವಾನಗಿಗೆ ಅಲೆಯುವುದಕ್ಕಿಂತ, ಅನುಮತಿ ಸಿಗದಿದ್ದರೆ ಮುಂಗಡ ವಾಪಸ್ ಎಂಬ ಷರತ್ತನ್ನು ಕರಾರಿನಲ್ಲೇ ಸೇರಿಸುವುದು ಲೇಸು. ಎರಡನೆಯದು ಹೆಸರು. ಕಂಪನಿಯ ಹೆಸರು ನೋಂದಣಿಯಾದ ಮಾತ್ರಕ್ಕೆ ಅದನ್ನು ಸರಕಿನ ಮೇಲೆ ಬಳಸುವ ಟ್ರೇಡ್‌ಮಾರ್ಕ್ ಹಕ್ಕು ಬರುವುದಿಲ್ಲ. ಸಾವಿರ ಲೇಬಲ್ ಮುದ್ರಿಸುವ ಮೊದಲು ಟ್ರೇಡ್‌ಮಾರ್ಕ್ ದಾಖಲೆಯಲ್ಲಿ ಹುಡುಕಿ. ಟ್ರೇಡ್‌ಮಾರ್ಕ್‌ಗಾಗಿ ಸರಕು ಸೇವೆಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ನೀಸ್ ವರ್ಗೀಕರಣದಲ್ಲಿ ಒಟ್ಟು 45 ವರ್ಗಗಳಿವೆ, ಬ್ಯಾಗ್‌ಗಳು 18ನೆಯ ವರ್ಗಕ್ಕೆ ಸೇರುತ್ತವೆ. ಶುಲ್ಕವನ್ನು ಸಾಮಾನ್ಯವಾಗಿ ವರ್ಗದ ಲೆಕ್ಕದಲ್ಲಿ ಪಡೆಯುವುದರಿಂದ ಬೇಡದ ವರ್ಗಗಳಿಗೆ ಅರ್ಜಿ ಹಾಕುವ ಅಗತ್ಯವಿಲ್ಲ.

ಉದ್ಯಮಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ಮೊದಲ ಬ್ಯಾಗ್ ಮಾರುವ ಮುನ್ನವೇ ತೆರೆಯಿರಿ. ಇನ್ನು ತೆರಿಗೆಯ ವಿಷಯ. ಮಾರಾಟದ ಪ್ರತಿ ಹಂತದಲ್ಲೂ ಅಲ್ಲಿ ಸೇರಿದ ಮೌಲ್ಯದ ಮೇಲೆ ಬೀಳುವ ಮೌಲ್ಯವರ್ಧಿತ ತೆರಿಗೆಯ ಪದ್ಧತಿ 1954ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾಗಿ ಇಂದು 160ಕ್ಕೂ ಹೆಚ್ಚು ದೇಶಗಳಲ್ಲಿ ಒಂದಲ್ಲ ಒಂದು ಹೆಸರಿನಲ್ಲಿದೆ. ಬಹಳ ಕಡೆ ವಹಿವಾಟು ಒಂದು ಮಿತಿ ದಾಟುವವರೆಗೆ ನೋಂದಣಿ ಕಡ್ಡಾಯವಿರುವುದಿಲ್ಲ. ಆದರೆ ನಿಮ್ಮ ಗಿರಾಕಿಗಳೇ ನೋಂದಾಯಿತ ಅಂಗಡಿಗಳಾಗಿದ್ದರೆ ಅವರು ತೆರಿಗೆ ಬಿಲ್ ಕೇಳುತ್ತಾರೆ, ಬಟ್ಟೆಯ ಮೇಲೆ ನೀವು ಕಟ್ಟಿದ ತೆರಿಗೆಯನ್ನು ಹಿಂಪಡೆಯಲೂ ನೋಂದಣಿ ಬೇಕಾಗುತ್ತದೆ. ಹಾಗಾಗಿ ಮಿತಿಗಿಂತ ಕೆಳಗಿದ್ದರೂ ಸ್ವಯಂ ನೋಂದಣಿಯ ಲಾಭನಷ್ಟವನ್ನು ಲೆಕ್ಕಿಗರ ಜೊತೆ ಕೂತು ತೂಗಿ ನೋಡಿ. ಗಿರಾಕಿಯಿಂದ ವಸೂಲಾದ ತೆರಿಗೆ ನಿಮ್ಮ ಖಾತೆಯಲ್ಲಿದ್ದರೂ ನಿಮ್ಮದಲ್ಲ. ಅದನ್ನು ಬಟ್ಟೆ ಕೊಳ್ಳಲು ಬಳಸಿದವರು ಕಟ್ಟಬೇಕಾದ ದಿನ ಬಂದಾಗ ಬಡ್ಡಿ ಸಾಲ ಮಾಡಿ ಕಟ್ಟುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೆಂದೇ ಇನ್ನೊಂದು ಖಾತೆ ಇರಲಿ. ಬಟ್ಟೆಯ ದಾಸ್ತಾನು ಇರುವ ಜಾಗಕ್ಕೆ ಬೆಂಕಿ ವಿಮೆ ಇಲ್ಲದೆ ಒಂದು ದಿನವೂ ಇರಬಾರದು.

ಇನ್ನು 2,00,000ದೊಳಗೆ ಆರಂಭಿಸುವ ದಾರಿ. ಎಲ್ಲ ಯಂತ್ರಗಳನ್ನು ನೀವೇ ಕೊಳ್ಳುವ ಬದಲು, ಬಟ್ಟೆಯನ್ನು ನೀವೇ ಕತ್ತರಿಸಿ ಹೊಲಿಗೆಯನ್ನು ಹೊರಗಿನ ಹೊಲಿಗೆಯವರಿಗೆ ವಹಿಸಿ. ಕೂಲಿ ಬ್ಯಾಗಿಗೆ 15ರ ಬದಲು 25 ಆಗಬಹುದು. ಆಗ ಒಂದು ಬ್ಯಾಗಿನ ಪಾಲು 35ರಿಂದ 25ಕ್ಕೆ ಇಳಿಯುತ್ತದೆ, ಆದರೆ ಸ್ಥಿರ ಖರ್ಚು ಇನ್ನೂ ಹೆಚ್ಚು ಇಳಿಯುತ್ತದೆ: ಸಣ್ಣ ಕೋಣೆಯ ಬಾಡಿಗೆ 2,000, ವಿದ್ಯುತ್ ಮತ್ತು ಫೋನ್ 500, ನಿಮ್ಮ ಸಂಬಳ 6,500, ಲೆಕ್ಕಪತ್ರ ಮತ್ತು ವಿಮೆ 650, ಒಂದೇ ಯಂತ್ರದ ಸವಕಳಿ 350, ಒಟ್ಟು 10,000. 400 ಬ್ಯಾಗ್‌ಗಳಿಗೇ ಖರ್ಚು ಸರಿದೂಗುತ್ತದೆ. ಮಾದರಿ ಮತ್ತು ರಿಪೇರಿಗೆಂದು ಒಂದು ಯಂತ್ರಕ್ಕೆ 25,000, ಕೋಣೆಯ ಮುಂಗಡ 8,000, ಮೇಜು ಮತ್ತು ದೀಪಗಳಿಗೆ 7,000, ನೋಂದಣಿ 8,000, ಮಾದರಿ 7,000 ಸೇರಿ ಒಮ್ಮೆ ಮಾಡುವ ಖರ್ಚು 55,000ಕ್ಕೆ ನಿಲ್ಲುತ್ತದೆ. ಆರ್ಡರ್ ಬಂದ ಮೇಲೆಯೇ ಕತ್ತರಿಸಿ, ಮಾಲು ಕೊಡುವಾಗ ಅರ್ಧ ಹಣ, ಉಳಿದದ್ದು 30 ದಿನಕ್ಕೆ ಎಂದು ಮಾತಾದರೆ, ಸಗಟು ವ್ಯಾಪಾರಿ ಉದ್ದರಿ ಕೊಡದಿದ್ದರೂ ಸುತ್ತು 35 ದಿನಕ್ಕೆ (ಬಟ್ಟೆಗೆ 10, ಹೊಲಿಗೆಗೆ 10, ಹಣ ಬರಲು ಸರಾಸರಿ 15) ಇಳಿಯುತ್ತದೆ. ತಿಂಗಳಿಗೆ 40,000ದ ಖರ್ಚಿಗೆ ದುಡಿಯುವ ಬಂಡವಾಳ ಸುಮಾರು 47,000 ಸಾಕು. ಮಾರಾಟ 80, 160, 240, 320 ಎಂದು ಏರಿ ಐದನೆಯ ತಿಂಗಳು 400 ಮುಟ್ಟಿದರೆ ನಷ್ಟ 20,000. ಎಲ್ಲ ಸೇರಿ 1,22,000. ಅನಿರೀಕ್ಷಿತದ ಶೇಕಡಾ 15 ಸೇರಿಸಿದರೆ 1,40,000ದ ಹತ್ತಿರ.

ಈ ದಾರಿಯ ಕೊರತೆ ಗುಣಮಟ್ಟದ ಹಿಡಿತ. ಹೊರಗೆ ಹೊಲಿದು ಬಂದ ಬ್ಯಾಗಿನ ಹಿಡಿಕೆಯ ಬುಡದಲ್ಲಿ ಅಡ್ಡಹೊಲಿಗೆ ಬಿದ್ದಿದೆಯೇ, ಜಿಪ್ಪಿನ ಎರಡೂ ತುದಿ ಮಡಚಿ ಮುಚ್ಚಿದೆಯೇ ಎಂದು ಪ್ರತಿಯೊಂದನ್ನೂ ನೀವೇ ಎಳೆದು ನೋಡಬೇಕು. ನಿಮ್ಮ ಮೇಲ್ವಿಚಾರಣೆಯ ಅನುಭವಕ್ಕೆ ಹಣಕ್ಕಿಂತ ಹೆಚ್ಚಿನ ಬೆಲೆ ಬರುವುದು ಈ ಜಾಗದಲ್ಲೇ. ತಿಂಗಳಿಗೆ 600ರ ಆರ್ಡರ್‌ಗಳು ಸತತವಾಗಿ ಬರತೊಡಗಿದ ಮೇಲೆ ಸ್ವಂತ ಹೊಲಿಗೆ ಘಟಕದ ಮಾತು ಎತ್ತಬಹುದು. ಆಗ ಬಳಸಿದ ಯಂತ್ರಗಳನ್ನೂ ಪರಿಶೀಲಿಸಿ. ಸಾಲವೂ ಆಗಲೇ ಇರಲಿ, ಒಂದು ವರ್ಷದ ಮಾರಾಟದ ದಾಖಲೆ ಕೈಯಲ್ಲಿದ್ದರೆ ಷರತ್ತುಗಳೂ ಉತ್ತಮವಾಗಿರುತ್ತವೆ. ಯಂತ್ರಕ್ಕೆ ವರ್ಷಗಳ ಅವಧಿಯ ಕಂತಿನ ಸಾಲ, ಬಟ್ಟೆ ಮತ್ತು ಬಾಕಿಗಳಿಗೆ ಓವರ್‌ಡ್ರಾಫ್ಟ್, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ಹಣ ಬಂದಾಗ ತುಂಬುವ ಬ್ಯಾಂಕ್ ಸಾಲ; ಇದನ್ನು ಅದಲುಬದಲು ಮಾಡಿ ಓವರ್‌ಡ್ರಾಫ್ಟ್ ಹಣದಲ್ಲಿ ಯಂತ್ರ ಕೊಳ್ಳಬೇಡಿ. ನಿಮ್ಮ ಮೊದಲ ಯೋಜನೆಯ ಲೆಕ್ಕದಲ್ಲಿ ತಿಂಗಳಿಗೆ 3,500ರ ಕಂತು ಎಂದರೆ ಇನ್ನೂ 100 ಬ್ಯಾಗ್ ಹೆಚ್ಚು ಮಾರಬೇಕು ಎಂದು ಅರ್ಥ.

ಕೆಲಸ ಬಿಡುವ ಪ್ರಶ್ನೆಗೆ ಬರುತ್ತೇನೆ. ಕರಾರು ಅಡ್ಡಬರದಿದ್ದರೆ ಕೆಲಸದಲ್ಲಿದ್ದುಕೊಂಡೇ ಆರಂಭಿಸಿ. ನೀವು ಸಂಬಳ ತೆಗೆಯದ ಅವಧಿಯಲ್ಲಿ ಸ್ಥಿರ ಖರ್ಚು 3,500 ಮಾತ್ರ, ಆದ್ದರಿಂದ 140 ಬ್ಯಾಗ್‌ಗಳಿಗೇ ಕೈಯಿಂದ ಹಣ ಹಾಕುವುದು ತಪ್ಪುತ್ತದೆ. ಸತತ ಮೂರು ತಿಂಗಳು 400 ಬ್ಯಾಗ್ ದಾಟಿ, ಅವುಗಳಲ್ಲಿ ಬಹುಪಾಲು ಮರು ಆರ್ಡರ್‌ಗಳಾಗಿದ್ದು, ಒಂದೇ ಅಂಗಡಿ ಅರ್ಧಕ್ಕಿಂತ ಹೆಚ್ಚು ಕೊಳ್ಳುತ್ತಿಲ್ಲವಾದರೆ, ಮತ್ತು ಆರು ತಿಂಗಳ ಮನೆಖರ್ಚು ಉದ್ಯಮದ ಖಾತೆಯ ಹೊರಗೆ ಬೇರೆಯಾಗಿ ಇದ್ದರೆ ರಾಜೀನಾಮೆ ಕೊಡಬಹುದು. ಉಳಿತಾಯದಲ್ಲಿ ಮಿಕ್ಕುವ 60,000 ಆ ಮನೆಖರ್ಚಿನ ಮೊದಲ ಪಾಲು. ಅದನ್ನು ಬಟ್ಟೆಗೆ ಮುಟ್ಟಬೇಡಿ.

ಇದರ ಜೊತೆಗೆ ನಿಲ್ಲಿಸುವ ಮಿತಿಯನ್ನೂ ಈಗಲೇ, ಮನಸ್ಸು ತಿಳಿಯಾಗಿರುವಾಗ, ಮನೆಯವರ ಜೊತೆ ಕೂತು ಬರೆದಿಡಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ದಾಖಲೆಗಳ ಪ್ರಕಾರ ಅಲ್ಲಿ ಹೊಸದಾಗಿ ತೆರೆಯುವ ಉದ್ಯಮ ಘಟಕಗಳಲ್ಲಿ ಐದರಲ್ಲೊಂದರಷ್ಟು ಮೊದಲ ವರ್ಷದಲ್ಲೇ, ಅರ್ಧದಷ್ಟು ಐದು ವರ್ಷಗಳೊಳಗೆ ಮುಚ್ಚುತ್ತವೆ. ಮುಚ್ಚಿದವರೆಲ್ಲ ಸೋತವರಲ್ಲ, ಸಾಲವಿಲ್ಲದೆ ಹೊರಬಂದವರೂ ಅವರಲ್ಲಿದ್ದಾರೆ. ನಿಮ್ಮ ಮಟ್ಟಿಗೆ ಆ ಮಿತಿ ಹೀಗಿರಬಹುದು: ಒಟ್ಟು 1,40,000 ಖರ್ಚಾಗುವ ಹೊತ್ತಿಗೆ, ಅಥವಾ ಹನ್ನೆರಡನೆಯ ತಿಂಗಳ ಕೊನೆಗೆ, ಯಾವುದು ಮೊದಲೋ ಆಗ, ತಿಂಗಳ ಮಾರಾಟ 250 ಬ್ಯಾಗ್ ದಾಟಿರದಿದ್ದರೆ ಹೊಸ ಬಟ್ಟೆ ಕೊಳ್ಳುವುದನ್ನು ನಿಲ್ಲಿಸಿ, ಕೈಯಲ್ಲಿರುವ ದಾಸ್ತಾನನ್ನು ಮಾರಿ, ಬಾಕಿಗಳನ್ನು ವಸೂಲು ಮಾಡಿ ಲೆಕ್ಕ ಮುಗಿಸುವುದು.